ಸೈಕಲ್ ದಾರಿ ಮ್ಯಾಲಿನ ನೆಲ್ಲು

ರಸ್ತಿ ಇಂಜಿನಿಯರ್ ಸಾಹೇಬ್ರಿಗೆ ಗಂಗಾವತಿ ಯಮನೂರಪ್ಪನ ಶರಣ್ರಿ.

ನಾಕನೇ ಇಯತ್ತೆ ಕಲ್ತಾಂವ ನಾನು. ತಪ್ಪಿದ್ರ ನಗ್ರಿ, ಸಿಟ್ಟಾಗಬ್ಯಾಡ್ರಿ.

ನೀವು ದೊಡ್ಡ ರಸ್ತಿ ಬಾಜೂಕ ಬಿಳಿ ಗೆರಿ ಹೊಡದು ಸೈಕಲ್ಲಿಗಂತ ಬ್ಯಾರೆ ದಾರಿ ಮಾಡಿಕೊಟ್ರಿ. ಭಾಳ ನುಣ್ಣಗಿತ್ತು. ಅದರ ಮ್ಯಾಲ ಮೊದಲ ನೆಲ್ಲು ಒಣಹಾಕಿದಾಂವ ನಾನ ರೀ. ಮಗ್ಗಲಮನಿ ಸಣ್ಣವ್ವ, "ಯಣ್ಣಾ, ಸೈಕಲ್ನವರು ಎಲ್ಲಿ ಹೋಗಬೇಕೋ?" ಅಂದ್ಲು. "ತುಳಕೊಂತ ಹೋಗ್ಲಿ ಬಿಡವ್ವ, ಮಿಲ್ಲಿಗೆ ಒಯ್ಯೂದರ ತಪ್ಪತೈತಿ" ಅಂದೆ. ಎಲ್ಲಾರೂ ನಕ್ಕು, ತಮ್ಮ ನೆಲ್ಲೂ ತಂದು ಹರವಿದ್ರು.

ಸೋಮವಾರ ನನ್ನ ಮಗಳು ಗೀತಾ ಕಾಲೇಜಿಗೆ ಹೊಂಟಿದ್ಲು. ಅಪ್ಪನ ನೆಲ್ಲು ಹೆಂಗ ತುಳೀಲಿ ಅಂತ ಗೆರಿ ದಾಟಿ ಲಾರಿ ಓಡಾಡೋ ಕಡೆ ಇಳದ್ಲು. ಲಾರಿ ಅಕಿ ಹ್ಯಾಂಡಲ್ ಒರಸಿಕೊಂಡು ಹೋತು. ನಾನು ಕಾಲಿಲೆ ನೆಲ್ಲು ತಿರುವಿಕೊಂತ ಅಲ್ಲೇ ನಿಂತಿದ್ದೆ. ಅಕಿ ಮೊಣಕೈ ತೆರಚೇತಿ, ಅಷ್ಟ. 

ನನ್ನ ನೆಲ್ಲು ಅವತ್ತ ಬಳಕೊಂಡು ಬಂದೆ. ಉಳದವರಿಗೆ ತಗೀರಿ ಅಂದ್ರ, "ನೀನ ಕಲಿಸಿದಿ, ಈಗ ಶಾಣ್ಯಾ ಆದೇನೋ?" ಅಂತಾರ. ಅಂಜಿಕಿ ಬರತೈತಿ ಅಂದ್ರ ಇದೂ ಮಸ್ಕಿರಿ ಅಂತ ನಗತಾರ. ನಿನ್ನ ಹಿಂದ ನಡಕೊಂತ ಬರ್ತೀನವ್ವಾ ಅಂದ್ರ ಗೀತಾನೂ ನಕ್ಕಳು.

ನೀವ ಬಂದು ತಗಸ್ರಿ. ಮೊದಲ ಎಲ್ಲಾರ ಎದುರಿಗೆ ನನ್ನ ಹೆಸರ ಹಿಡದು ಬಯ್ರಿ. ನಾನು ತಲಿ ತಗ್ಗಿಸಿ ನಿಂದರತೀನಿ, ಆಗರ ಮಂದಿ ಖರೇ ಅಂತ ನಂಬತಾರ. ನಾಡಿದ್ದು ಗೀತಾನ ಪರೀಕ್ಷಾ ಐತಿ. ಅಕಿ ಎಂಟೂವರಿಗೆ ಸೈಕಲ್ ಹತ್ತತಾಳ. ಅದಕ್ಕಿಂತ ಮೊದಲ ಬರ್ರಿ.

ನಿಮ್ಮ ದಾರಿ ಕೆಡಿಸಿದಾಂವ,
ಯಮನೂರಪ್ಪ