ಕೂತು ನಿದ್ದೆ ಹೋದವರನ್ನೂ ಎಣಿಸಿ

ವಸತಿರಹಿತರ ವಾರ್ಷಿಕ ಗಣತಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಸಂಜೆ ಆರೂವರೆ. ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಆರಿಸಿ ಈಗಷ್ಟೇ ಮನೆಗೆ ಬಂದೆ. ಈ ವರ್ಷದ ಗಣತಿಯನ್ನು ಹೇಗೆ ನಡೆಸಬೇಕೆಂದು ಮಧ್ಯಾಹ್ನ ನೀವು ಕರೆದಿದ್ದ ಸಭೆಯಲ್ಲಿ, ಹಿಂದಿನ ಸಾಲಿನಿಂದ ಎದ್ದು ಪ್ರಶ್ನೆ ಕೇಳಿದವಳು ನಾನೇ. ನಿಮ್ಮ ವಿಧಾನದಿಂದಾಗಿ ನನ್ನಣ್ಣ ಬದುಕಿದ್ದಾಗಲೂ ಲೆಕ್ಕಕ್ಕೆ ಸಿಗಲಿಲ್ಲ, ಸತ್ತ ಮೇಲೂ ಸಿಗಲಿಲ್ಲ. ನನ್ನ ದೂರು ಇಷ್ಟೇ.

ವಿಧಾನ ಬಹಳ ಸರಳ, ಅದಕ್ಕಾಗಿ ನಿಮ್ಮನ್ನು ಮೆಚ್ಚಲೇಬೇಕು. ಬಸ್ ನಿಲ್ದಾಣದಲ್ಲಿ ಮಲಗಿದ್ದರೆ ವಸತಿರಹಿತ, ಕೂತಿದ್ದರೆ ಪ್ರಯಾಣಿಕ. ಯಾರನ್ನೂ ಎಬ್ಬಿಸಬಾರದು, ಮಾತನಾಡಿಸಬಾರದು, ಅದರಿಂದ ಅವರ ಘನತೆಗೆ ಕುಂದು ಬರುತ್ತದೆ ಎಂದಿರಿ. ಎಂಥ ಕಾಳಜಿ! ಆದರೆ ಅದೇ ನಿಲ್ದಾಣದಲ್ಲಿ ಯಾರಾದರೂ ಮೈ ಚಾಚಿದರೆ ಕಾವಲುಗಾರ ಬಂದು ಕೋಲಿನಿಂದ ತಿವಿಯುತ್ತಾನೆ. ಅದು ಘನತೆಗೆ ಬಹುಶಃ ಒಳ್ಳೆಯದಿರಬೇಕು. ಸಾಲದ್ದಕ್ಕೆ, ಹೋದ ಗಣತಿಗೆ ಮುಂಚೆ ಬೆಂಚುಗಳಿಗೆಲ್ಲ ನಡುನಡುವೆ ಕಬ್ಬಿಣದ ಅಡ್ಡಪಟ್ಟಿ ಹಾಕಿಸಿದಿರಿ. ಮಲಗಲು ಜಾಗವೇ ಇಲ್ಲದ ಮೇಲೆ ಮಲಗಿದವರು ಎಲ್ಲಿಂದ ಸಿಗಬೇಕು? ನಿಮ್ಮ ವರದಿಯಲ್ಲಿ ನಿಲ್ದಾಣದ ಮುಂದೆ ಸೊನ್ನೆ ಬಂತು. ಇಂದು ಅದನ್ನು ಪರದೆಯ ಮೇಲೆ ತೋರಿಸಿದಾಗ ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಮನೆಯಿಲ್ಲದವರಿಗೆ ಒಂದು ಮನೆಯನ್ನೂ ಕಟ್ಟದೆ ಅವರನ್ನು ಇಲ್ಲವಾಗಿಸುವುದು ಸಾಮಾನ್ಯರ ಕೈಲಾಗುವ ಕೆಲಸವೇ?

ಆ ಸೊನ್ನೆಯೊಳಗೆ ನನ್ನಣ್ಣನಿದ್ದ. ಗಡಿಯಾರ ರಿಪೇರಿ ಅವನ ಕಸುಬು. ಗೂಡಂಗಡಿಯೇ ಅವನ ಮನೆ. ರಸ್ತೆ ಅಗಲವಾದಾಗ ಎರಡೂ ಒಟ್ಟಿಗೇ ಹೋದವು. ಅಂದಿನಿಂದ ವರ್ಷಗಟ್ಟಲೆ ಅವನ ರಾತ್ರಿಗಳೆಲ್ಲ ಬಸ್ ನಿಲ್ದಾಣದಲ್ಲೇ. ಭಾನುವಾರ ನಮ್ಮಲ್ಲಿಗೆ ಬಂದು ಸ್ನಾನ ಮಾಡಿ, ಊಟ ಮಾಡಿ ಹೊರಡುತ್ತಿದ್ದ. ನಮ್ಮದು ಒಂದೇ ಕೋಣೆ, ಐದು ಜನ. ಇಲ್ಲೇ ಇರು ಎಂದರೆ ನಗುತ್ತಿದ್ದ.

"ನಿಮ್ಮನೇಲಿ ಕಾಲು ಚಾಚೋಕೆ ಜಾಗ ಇಲ್ಲ, ಅಲ್ಲಿ ಚಾಚೋಕೆ ಬಿಡಲ್ಲ. ಎರಡೂ ಒಂದೇ ಕಣೇ. ಅಲ್ಲಾದ್ರೆ ನಿನ್ನ ಗಂಡನ ಗೊರಕೆ ಇರಲ್ಲ."

ಕೋಲು ತಪ್ಪಿಸಿಕೊಳ್ಳಲು ಅವನೊಂದು ಉಪಾಯ ಮಾಡಿಕೊಂಡಿದ್ದ. ಶೂ ಬಿಚ್ಚುತ್ತಿರಲಿಲ್ಲ. ತುಂಬಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಈಗಲೋ ಆಗಲೋ ಬಸ್ಸು ಬರುತ್ತದೆ ಎನ್ನುವಂತೆ ನೆಟ್ಟಗೆ ಕೂತೇ ನಿದ್ದೆ ಮಾಡುತ್ತಿದ್ದ. ಪಕ್ಕದ ಸೀಟಿನ ಹೆಂಗಸಿಗೂ ಅದನ್ನೇ ಕಲಿಸಿಕೊಟ್ಟ. ಒಂದು ಕಾಲದಲ್ಲಿ ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದವರು ಅವರು. ಅಣ್ಣ ಅವರನ್ನು ಟೀಚರಮ್ಮ ಎನ್ನುತ್ತಿದ್ದ.

ಈ ಚಳಿಗಾಲದಲ್ಲಿ ಅಣ್ಣ ಹಾಗೇ ಕೂತಲ್ಲೇ ಹೋಗಿಬಿಟ್ಟ. ಬೆಳಗಾಯಿತು, ಜನ ಬಂದರು, ಹೋದರು. ನೆಲ ಒರೆಸುವವಳು ಅವನ ಶೂಗಳ ಸುತ್ತ ಒರೆಸಿಕೊಂಡು ಹೋದಳು. ಮಧ್ಯಾಹ್ನ ಒಬ್ಬ ಕಂಡಕ್ಟರು ಭುಜ ಮುಟ್ಟಿ, "ಯಜಮಾನ್ರೇ, ಯಾವ ಬಸ್ಸು ನಿಮ್ದು?" ಎಂದು ಕೇಳಿದಾಗಲೇ ಗೊತ್ತಾದದ್ದು. ಆಸ್ಪತ್ರೆಯ ಕಾಗದದಲ್ಲೂ ಪ್ರಯಾಣಿಕ ಎಂದೇ ಬರೆದರು. ಅಣ್ಣ ಅಷ್ಟು ಚೆನ್ನಾಗಿ ನಟಿಸಿದ್ದ.

ಇಂದು ನಾನು ನಿಮ್ಮನ್ನು ಕೇಳಿದ್ದು ಇದನ್ನೇ.

"ಸಾರ್, ಕೂತ್ಕೊಂಡೇ ನಿದ್ದೆ ಮಾಡೋರ ಕತೆ ಏನು?"

"ಅವ್ರು ಬಸ್ಸಿಗೆ ಕಾಯ್ತಿರ್ತಾರಮ್ಮ."

"ಕೊನೇ ಬಸ್ಸು ಹೋದ್ಮೇಲೆ ಯಾವ ಬಸ್ಸಿಗೆ ಸಾರ್?"

"ಅದು ಸಾರಿಗೆಯವ್ರನ್ನ ಕೇಳ್ಬೇಕು. ನಮ್ಮ ವ್ಯಾಪ್ತಿಗೆ ಬರಲ್ಲ."

ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನಾನು ಕೂತೆ.

ಹೋದವನನ್ನು ಈಗ ಎಣಿಸಿ ಎಂದು ನಾನು ಕೇಳುತ್ತಿಲ್ಲ. ಆದರೆ ಟೀಚರಮ್ಮ ಈಗಲೂ ಅಲ್ಲೇ ಇದ್ದಾರೆ. ಕಾಲು ಇಳಿಬಿಟ್ಟೇ ನಿದ್ದೆ ಮಾಡಿ ಪಾದಗಳು ಊದಿವೆ, ಚಪ್ಪಲಿ ಹಿಡಿಸುವುದಿಲ್ಲ. ರಾತ್ರಿ ತಂಗುವ ಕೇಂದ್ರಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ. "ಗಣತೀಲಿ ಎಷ್ಟು ಜನ ಇದ್ದಾರೋ ಅಷ್ಟೇ ಹಾಸಿಗೆ ಕೊಡೋದು. ನಿಲ್ದಾಣದ ಕಡೆಯಿಂದ ಯಾರೂ ಇಲ್ವಲ್ಲಮ್ಮ" ಎಂದ ಅಲ್ಲಿನ ನೌಕರ. ಪಕ್ಕದಲ್ಲೇ ನಿಂತಿದ್ದ ಟೀಚರಮ್ಮ, "ಹಾಗಾದ್ರೆ ನಾನ್ಯಾರಪ್ಪ?" ಎಂದರು. ಉತ್ತರ ನಿಮ್ಮ ಬಳಿ ಇದೆ.

ಆದ್ದರಿಂದ ನನ್ನ ಒತ್ತಾಯ ಇದು. ಕೊನೆಯ ಬಸ್ಸು ಹೋದ ಮೇಲೂ ಕೂತಿರುವ ಪ್ರತಿಯೊಬ್ಬರನ್ನೂ ಮೆಲ್ಲಗೆ ಮಾತನಾಡಿಸಿ, ಇಂದು ಮನೆಗೆ ಹೋಗುತ್ತೀರಾ ಎಂದು ಕೇಳಬೇಕು. ಇಲ್ಲ ಎಂದವರನ್ನು ಎಣಿಸಬೇಕು. ಇದಕ್ಕೆ ಪರದೆ ಬೇಡ, ತಜ್ಞರು ಬೇಡ, ಬಾಯಿದ್ದರೆ ಸಾಕು. ಮಾತನಾಡಿಸಿದರೆ ಘನತೆಗೆ ಕುಂದು ಎಂಬ ಭಯವಿದ್ದರೆ ಹೇಳುತ್ತೇನೆ ಕೇಳಿ: ಅಷ್ಟು ವರ್ಷಗಳಲ್ಲಿ ಅಲ್ಲಿನ ಸಿಬ್ಬಂದಿಯಲ್ಲಿ ನನ್ನಣ್ಣನನ್ನು ಮರ್ಯಾದೆಯಿಂದ ಮಾತನಾಡಿಸಿದವನು ಆ ಕಂಡಕ್ಟರು ಒಬ್ಬನೇ. ಅವನು ಒಂದು ದಿನ ಮುಂಚೆ ಕೇಳಿದ್ದರೆ ಅಣ್ಣ ಏನಾದರೂ ತಮಾಷೆಯ ಉತ್ತರ ಕೊಡುತ್ತಿದ್ದ.

ಎಣಿಸಲು ಸ್ವಯಂಸೇವಕರು ಬೇಕೆಂದು ಸಭೆಯ ಕೊನೆಯಲ್ಲಿ ಹೇಳಿದಿರಿ. ಬಾಗಿಲ ಬಳಿ ನನ್ನ ಹೆಸರು ಕೊಟ್ಟು, ಬಸ್ ನಿಲ್ದಾಣವೇ ಬೇಕೆಂದು ಹೇಳಿ ಬಂದಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ತರಬೇತಿ. ಅಂಗಡಿಗೆ ರಜೆ ಹೇಳಿದ್ದೇನೆ.

ಇಂತಿ,
ನಿಮ್ಮ ಸೊನ್ನೆಯೊಳಗಿದ್ದ ಒಬ್ಬ ಪ್ರಯಾಣಿಕನ ತಂಗಿ