ಮೂರು ಸಲ ಎತ್ತಿದ ಚೀಟಿ

ಮೊರಬ, ತಾ. ನವಲಗುಂದ
ಶುಕ್ರವಾರ, 14-3-1986

ಪ್ರೀತಿಯ ಮಗಳು ಕೃಪಾಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ಇಂದು ಯೇಸುವಿನ ಶ್ರಮೆಯ ದಿನಗಳ ಐದನೆಯ ಶುಕ್ರವಾರ, ನನಗೆ ಉಪವಾಸ. ಬೆಳಿಗ್ಗೆ ಕೆರೆಯಿಂದ ಎರಡು ಕೊಡ ನೀರು ತಂದೆ, ಅಂಗಳ ಸಾರಿಸಿದೆ, ಎಮ್ಮೆ ಹಿಂಡಿದೆ. ನಿಮ್ಮಪ್ಪನಿಗೆ ನಾಲ್ಕು ರೊಟ್ಟಿ ಬಡಿದು, ಪುಂಡಿಪಲ್ಯ ಕಟ್ಟಿ, ಕುಸುಬಿ ಬಡಿಯಲು ಹೊಲಕ್ಕೆ ಕಳಿಸಿದೆ. ಬಿಸಿ ರೊಟ್ಟಿಯ ವಾಸನೆಗೆ ಹೊಟ್ಟೆ ಚುರುಗುಟ್ಟಿತು, ಬೈದು ಸುಮ್ಮನಾಗಿಸಿದೆ. ನೀನು ಹೇಗಿದ್ದೀ? ಬಿಸಿಲು ಏರಿದರೆ ನಿನಗೆ ತಲೆನೋವು ಬರುತ್ತದೆ, ಹುಬ್ಬಳ್ಳಿಯಲ್ಲಿ ಕೊಡೆ ಇಲ್ಲದೆ ದವಾಖಾನೆಯ ಡ್ಯೂಟಿಗೆ ಹೋಗಬೇಡ. ನಿನ್ನ ಸೋದರತ್ತೆಯ ಮೊಣಕಾಲು ನೋವು ಇಳಿಯಿತೇ? ಅವಳ ಮನೆಯಲ್ಲಿದ್ದೀ ಎಂದು ಎಲ್ಲ ಕೆಲಸ ಅವಳ ಮೇಲೆ ಹಾಕಬೇಡ. ಇಲ್ಲಿ ನಾವು ಆರೋಗ್ಯ. ಆರೋಗ್ಯ ಎಂದರೆ ಮೈಗೆ ಮಾತ್ರ.

ಈಗ ಬರೆಯುವುದನ್ನು ಕೂತು ಓದು. ಈ ಕಾಗದದ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಅದು ನಿನ್ನದು. ಗುಲಬರ್ಗಾದ ಕಡೆಯ ಕುಷ್ಠರೋಗಿಗಳ ದವಾಖಾನೆಯಿಂದ ಬಂದದ್ದು. ನಿನ್ನನ್ನು ನರ್ಸಮ್ಮನ ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಮಾರ್ಚ್ ಇಪ್ಪತ್ತರೊಳಗೆ ಹಾಜರಾಗದಿದ್ದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ. ಇದು ನೀನು ಕೊಟ್ಟ ಈ ಮನೆಯ ವಿಳಾಸಕ್ಕೆ ಬಂದದ್ದು ಕಳೆದ ತಿಂಗಳ ಇಪ್ಪತ್ತಾರಕ್ಕೆ. ಹದಿನಾರು ದಿನ ನಾನು ಇದನ್ನು ಬಚ್ಚಿಟ್ಟುಕೊಂಡಿದ್ದೆ. ಇಂಗ್ಲಿಷಿನಲ್ಲಿ ಇದ್ದುದಕ್ಕೆ ನಮ್ಮೂರ ಬಾಳಕೃಷ್ಣ ಮಾಸ್ತರರಿಂದ ಓದಿಸಿದೆ. ಅವರು ನಕ್ಕು, "ಮಗಳಿಗೆ ಹೊಸಾ ನೌಕರಿ ಆತು, ಪೇಢೆ ಕೊಡ್ರಿ ನಮಗ" ಎಂದರು. "ಆಗಲ್ರಿ, ಅಕಿಗೆ ಇವತ್ತ ತಿಳಸ್ತೀನಿ" ಎಂದು ಸುಳ್ಳು ಹೇಳಿ ಮನೆಗೆ ಬಂದೆ. ನೀನು ಹೋದ ವಾರ ಬರೆದ ಕಾಗದದಲ್ಲಿ, ಅವರಿಂದ ಏನೂ ಬರಲಿಲ್ಲ, ದೇವರು ಆ ಬಾಗಿಲು ಮುಚ್ಚಿದ ಎಂದು ಬರೆದಿದ್ದೀ. ದೇವರು ಮುಚ್ಚಲಿಲ್ಲ ಮಗಳೇ. ನಾನು ಮುಚ್ಚಿದೆ.

ನನ್ನ ಆಸೆ ನಿನಗೆ ಗೊತ್ತೇ ಇದೆ. ಬೆಟಗೇರಿಯ ಆ ಮಾಸ್ತರನನ್ನು ನೀನು ಮದುವೆಯಾಗಬೇಕು, ಎರಡು ತಾಸಿನ ಬಸ್ಸಿನ ದೂರದಲ್ಲಿ ನನ್ನ ಕಣ್ಣಮುಂದೆ ಇರಬೇಕು. ರೋಗಿಗಳ ಬೆರಳಿಲ್ಲದ ಕೈಗಳನ್ನು ನೀನು ತೊಳೆಯುವುದು ನೆನೆದರೆ ನನಗೆ ತುತ್ತು ಇಳಿಯುವುದಿಲ್ಲ. ಅದು ಈಗ ಔಷಧಕ್ಕೆ ವಾಸಿಯಾಗುತ್ತದೆ, ಸುಮ್ಮನೆ ಹತ್ತುವ ರೋಗವಲ್ಲ ಎಂದು ನೀನು ಎಷ್ಟು ಸಲ ಹೇಳಿದ್ದೀ. ಬುದ್ಧಿಗೆ ತಿಳಿಯುತ್ತದೆ. ಹೊಟ್ಟೆಗೆ ತಿಳಿಯುವುದಿಲ್ಲ.

ಆ ದಿನ ಬಾಳಕೃಷ್ಣ ಮಾಸ್ತರರ ಮನೆಯಿಂದ ಬಂದವಳೇ, ಹೊಸ ವರ್ಷಕ್ಕೆ ನಾವೆಲ್ಲ ಒಂದೊಂದು ಚೀಟಿ ಎತ್ತುವ ಆ ಬೈಬಲ್ ವಾಕ್ಯದ ಡಬ್ಬಿಯನ್ನು ಇಳಿಸಿದೆ. ಕರ್ತನೇ, ನೀನೇ ಹೇಳು ಎಂದು ಕಣ್ಣು ಮುಚ್ಚಿ ಎತ್ತಿದೆ. ಹೋಗು, ನಾನು ನಿನ್ನ ಸಂಗಡ ಇದ್ದೇನೆ ಎಂಬ ಅರ್ಥದ ವಾಕ್ಯ ಬಂತು. ಇದು ನನಗಲ್ಲ, ಕೈ ಸರಿಯಾಗಿ ಆಡಿಸಲಿಲ್ಲ ಎಂದುಕೊಂಡು ಸುತ್ತಿ ಒಳಗೆ ಹಾಕಿದೆ. ಎರಡನೆಯದು ತಾಳ್ಮೆಯ ಮೇಲೆ. ಅದನ್ನೂ ಹಾಕಿದೆ. ಮೂರನೆಯದರಲ್ಲಿ, ಮಕ್ಕಳು ತಮ್ಮ ಸೀಮೆಗೆ ತಿರುಗಿ ಬರುವರು ಎಂದು ಬಂತು. ಅಷ್ಟೇ ಸಾಕಾಯಿತು ನನಗೆ. ನಿನ್ನ ಕಾಗದವನ್ನು ಆ ಡಬ್ಬಿಯ ಕೆಳಗೇ ಇಟ್ಟೆ. ಎರಡು ದಿನ ಬಿಟ್ಟು ಶುಕ್ರವಾರ ಹೆಂಗಸರ ಪ್ರಾರ್ಥನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದೆ: ನನ್ನ ಮಗಳು ಹತ್ತಿರವೇ ಇರುವಳೆಂದು ಕರ್ತನು ನನಗೆ ವಾಕ್ಯ ಕೊಟ್ಟಿದ್ದಾನೆ ಎಂದು. ಎಲ್ಲರೂ ಆಮೆನ್ ಅಂದರು. ಮೊದಲಿನ ಎರಡು ಚೀಟಿಯ ಸುದ್ದಿ ಎತ್ತಲಿಲ್ಲ.

ಆದರೆ ಚೀಟಿ ಎತ್ತುವಾಗ ಬಾಜು ಮನೆಯ ಮಲ್ಲಕ್ಕ ಮಜ್ಜಿಗೆಗೆ ಬಂದು ಬಾಗಿಲಲ್ಲಿ ನಿಂತಿದ್ದಳು. ಮೊನ್ನೆ ಮಂಗಳವಾರ ಅವಳ ಮುಂದೆಯೂ ನನ್ನ ಸಾಕ್ಷಿಯನ್ನು ಹೇಳಹೋದೆ. ಅವಳ ಬಾಯಿ ನಿನಗೆ ಗೊತ್ತಲ್ಲ. "ಅಲ್ಲ ಬೇ ರೂತವ್ವಾ, ನೀ ಮೂರ ಸಲ ಎತ್ತಿದ್ದನ್ನ ಈ ಕಣ್ಣಲೇ ನೋಡೇನಿ. ನನ್ನ ಮೈದುನರು ಹೊಲ ಪಾಲ ಮಾಡ್ಕೊಳ್ಳೂಮುಂದ ಚೀಟಿ ಎತ್ತಿದ್ರು. ಮನಸಿಗೆ ಬರೂತನಕ ಎತ್ತೂದಿದ್ರ ಆ ಸವಳ ಹೊಲ ಯಾರ ಪಾಲಿಗೆ ಬರತಿತ್ತ? ನೀ ನಿಮ್ಮ ದೇವ್ರನ್ನ ಕೇಳಾಕತ್ತಿಲ್ಲ, ಅವಗ ಹುಕುಂ ಮಾಡಾಕತ್ತಿ" ಎಂದಳು. ಮಜ್ಜಿಗೆ ತುಂಬಿದ ಚರಿಗೆ ಎತ್ತಿಕೊಂಡು ಹೋದಳು. ಲಿಂಗ ಕಟ್ಟಿದವಳು ನನಗೆ ನನ್ನ ಪ್ರಾರ್ಥನೆ ಕಲಿಸಿದಳಲ್ಲ ಎಂದು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ನಾಚಿಕೆ ಬಂತು. ನಾಚಿಕೆ ಇನ್ನೂ ಇಳಿದಿಲ್ಲ.

ನಿನಗಿಂತ ಮೊದಲು ಹುಟ್ಟಿದ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟೆ. ಎರಡು ಸಲವೂ, ಕರ್ತನೇ ನಿನ್ನ ಚಿತ್ತ ಎಂದೆ. ರೂತವ್ವನ ವಿಶ್ವಾಸ ದೊಡ್ಡದು ಎಂದು ಸಭೆಯವರು ಇಂದಿಗೂ ಹೇಳುತ್ತಾರೆ. ಈಗ ನೋಡಿದರೆ, ಕೈಬಿಟ್ಟು ಹೋದದ್ದರ ಮೇಲೆ ಆ ಮಾತು ಹೇಳುವುದು ನನಗೆ ಬರುತ್ತದೆ. ಇನ್ನೂ ಕೈಯಲ್ಲಿರುವುದರ ಮೇಲೆ ಹೇಳುವುದು ಬರುವುದಿಲ್ಲ. ಈ ಹದಿನಾರು ದಿನ, ಕರ್ತನ ಪ್ರಾರ್ಥನೆ ಹೇಳುವಾಗ ನಿನ್ನ ಚಿತ್ತ ನೆರವೇರಲಿ ಎಂಬ ಆ ಒಂದು ಮಾತು ಬಂದರೆ ತುಟಿ ಮಾತ್ರ ಆಡಿಸುತ್ತಿದ್ದೆ. ದನಿ ತೆಗೆದರೆ ಎಲ್ಲಿ ಅವನು ಕೇಳಿಸಿಕೊಂಡು ನಿನ್ನನ್ನು ಕಳಿಸಿಬಿಟ್ಟಾನೋ ಎಂಬ ಭಯ.

ಇಂದು ಪ್ರಾರ್ಥನೆಯಲ್ಲಿ ಎದ್ದು, ನನ್ನ ಸಾಕ್ಷಿ ಸುಳ್ಳು, ಮೂರು ಸಲ ಎತ್ತಿದ್ದೆ, ಮಗಳ ಕಾಗದ ಮುಚ್ಚಿಟ್ಟಿದ್ದೆ ಎಂದು ಹೇಳಿದೆ. ಸಭೆಯ ಅಯ್ಯನವರ ಹೆಂಡತಿ ಚಾಪೆಯನ್ನೇ ನೋಡುತ್ತಿದ್ದರು. ಆಗ ಮುದುಕಿ ಮಾರ್ಥವ್ವ ಮೂಲೆಯಿಂದ, "ನಾನೂ ಸೊಸಿ ಸಲುವಾಗಿ ಏಳ ಸಲ ಎತ್ತೇನ್ರೆವಾ. ಏಳೂ ಸಲ ತಾಳ್ಮೀದ ಬಂತು" ಎಂದಳು. ಅಳುತ್ತಿದ್ದ ನನಗೂ ನಗು ಬಂತು. ಆಮೇಲೆ ಎಲ್ಲರೂ ಮೊಣಕಾಲೂರಿದೆವು. ಆ ಮಾತು ಬಂದಾಗ ದನಿ ತೆಗೆದು ಹೇಳಿದೆ. ಒಪ್ಪಿ ಹೇಳಿದೆನೋ, ಹೇಳಲೇಬೇಕೆಂದು ಹೇಳಿದೆನೋ, ನನಗೇ ತಿಳಿಯದು. ಶಾಂತಿ ಬರುತ್ತದೆ ಅನ್ನುತ್ತಾರೆ. ನನಗೆ ಬಂದಿಲ್ಲ.

ನಿಮ್ಮಪ್ಪನಿಗೂ ಇಂದೇ ಹೇಳಿದೆ. ಹೊಲದಿಂದ ಬಂದು ಕಾಲಿಗೆ ಚುಚ್ಚಿದ ಕುಸುಬಿಯ ಮುಳ್ಳು ಕೀಳುತ್ತ ಕೂತಿದ್ದರು. ಬೈಯಲಿಲ್ಲ. "ಹದಿನಾರ ದಿನ ಹೆಂಗ ಉಂಡಿ?" ಎಂದು ಮಾತ್ರ ಕೇಳಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಕಾಗದ ನಿನ್ನದು, ಹೋಗುವುದು ಬಿಡುವುದು ನಿನಗೂ ಕರ್ತನಿಗೂ ಬಿಟ್ಟದ್ದು. ನನ್ನನ್ನು ಕ್ಷಮಿಸು ಎಂದು ಕೇಳುತ್ತೇನೆ. ಕೂಡಲೇ ಆಗದಿದ್ದರೆ ನಿಧಾನವಾಗಿ ಆಗಲಿ. ಅತ್ತೆಗೆ ನನ್ನ ವಂದನೆ ಹೇಳು. ಕರ್ತನು ನಿನ್ನ ಹೋಗೋಣವನ್ನೂ ಬರೋಣವನ್ನೂ ಕಾಯಲಿ.

ನಿನ್ನ ಅವ್ವ,
ರೂತವ್ವ

ತಾ.ಕ.: ಹುಬ್ಬಳ್ಳಿಗೆ ಕಡಲೆ ಒಯ್ಯುವ ನಮ್ಮೂರ ಫಕ್ರುಸಾಬನ ಟ್ರಕ್ ಹೊರಗೆ ನಿಂತಿದೆ, ಹಾರ್ನ್ ಮೇಲೆ ಹಾರ್ನ್ ಬಾರಿಸುತ್ತಿದ್ದಾನೆ. ಮೇಲೆ ಬರೆಯಲು ಕೈ ಬರಲಿಲ್ಲ, ಈಗ ಬರೆಯುತ್ತೇನೆ. ನಿನ್ನನ್ನು ಕೇಳದೆ ಬೆಟಗೇರಿಯವರಿಗೆ ನಾನು ಮಾತು ಕೊಟ್ಟಿದ್ದೇನೆ. ಸೋಮವಾರ ಮದುವೆ ನಿಶ್ಚಯದ ವೀಳ್ಯಕ್ಕೆ ಬರುತ್ತಾರೆ. ಬರಲಿಯೋ ಬೇಡವೋ, ಒಂದು ಸಾಲು ಬರಿ. ಬೇಡ ಎಂದರೆ ನಿಮ್ಮಪ್ಪ ಭಾನುವಾರದ ಮೊದಲ ಬಸ್ಸಿಗೆ ಹೋಗಿ ಅವರಿಗೆ ಹೇಳಿ ಬರುತ್ತಾರೆ. ನೀನು ಸುಮ್ಮನಿದ್ದರೆ ಅದನ್ನೂ ನನಗೆ ಬೇಕಾದ ಹಾಗೆ ಓದಿಕೊಂಡೇನು. ರಾತ್ರಿ ಕಡಲೆ ತುಂಬಿಸಿಕೊಂಡು, ನಾಳೆ ಬೆಳಿಗ್ಗೆ ಫಕ್ರುಸಾಬ ಈ ಕಾಗದ ನಿನಗೆ ಕೊಟ್ಟು ಅದನ್ನು ಇಳಿಸಲು ಹೋಗುತ್ತಾನೆ, ನಾಲ್ಕಕ್ಕೆ ಮತ್ತೆ ಅತ್ತೆಯ ಬಾಗಿಲಿಗೆ ಬರುತ್ತಾನೆ. ಉತ್ತರ ಕೈಗೆ ಬರುವ ತನಕ ಕದಲಬೇಡಪ್ಪಾ, ತಂದ ಮೇಲೆ ನನಗೆ ಕೊಡಬೇಡ, ಅವಳ ಅಪ್ಪನ ಕೈಗೇ ಕೊಡು ಎಂದು ಅವನಿಗೆ ಹೇಳಿದ್ದೇನೆ.