ಹುಲಗೆಮ್ಮನ ಮೊಣಕಾಲು

ಗಂಗಾವತಿ,
ಶುಕ್ರವಾರ, ೧೪ ನವೆಂಬರ್ ೨೦೨೫

ಹುಲಗೆಮ್ಮನ ಅಪ್ಪನವರಿಗೆ,

ಸುಮಂಗಲಾಳ ನಮಸ್ಕಾರ. ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಲು ಪೆನ್ನು ಹಿಡಿದೆ. ಈ ಮನೆಯಲ್ಲಿ ಎಲ್ಲರೂ ಎಂದರೆ ಈಗ ನಾನೊಬ್ಬಳೇ, ಮತ್ತು ನಾನು ಆರಾಮ ಇಲ್ಲ. ತಲೆ ಮೊಸರು ಗಡಿಗೆ ಆಗಿದೆ. ಫೋನು ಮಾಡಬಹುದಿತ್ತು. ಮಾಡಿದರೆ ನೀವು ಬರೀ ಹ್ಞೂಂ ಎನ್ನುತ್ತೀರಿ, ನಾನು ಸಿಟ್ಟಾಗಿ ಇಟ್ಟುಬಿಡುತ್ತೇನೆ. ವಾಟ್ಸಾಪಿನಲ್ಲಿ ಬರೆದದ್ದು ಊರೆಲ್ಲ ಸುತ್ತುತ್ತದೆ ಎಂಬುದು ಈ ವಾರ ಚೆನ್ನಾಗಿ ಗೊತ್ತಾಗಿದೆ. ಅದಕ್ಕೇ ಈ ಕಾಗದ.

ನಾಳೆ ಕೊಪ್ಪಳದಲ್ಲಿ ವಾಲಿಬಾಲ್ ಲೀಗಿನ ಆಯ್ಕೆ. ನಿಮಗೆ ಗೊತ್ತಿದ್ದದ್ದನ್ನೇ ಬರೆಯುತ್ತಿದ್ದೇನೆ, ಬರೆಯುತ್ತ ಹೋದರೆ ನನಗಾದರೂ ತಿಳಿದೀತು ಎಂದು. ನಾಲ್ಕು ತಾಲೂಕಿನ ತಂಡಗಳು ಕಾಲೇಜು ಹುಡುಗಿಯರಲ್ಲಿ ಪಾಳಿಯ ಪ್ರಕಾರ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಹೋದ ವರ್ಷ ಕಡೆಗೆ ಬಂದವರಿಗೆ ಮೊದಲ ಪಾಳಿ. ಸೋತವರಿಗೆ ಮೊದಲ ಮರ್ಯಾದೆ ಕೊಡುವುದು ಯಾವ ನ್ಯಾಯ ಎಂದು ಪಕ್ಕದ ಮನೆಯ ಕಸ್ತೂರೆಮ್ಮ ಇನ್ನೂ ಕೇಳುತ್ತಾಳೆ. ಅಂತೂ ಮೊದಲು ನಿಮ್ಮ ಕೊಪ್ಪಳ, ಆಮೇಲೆ ನಮ್ಮ ಗಂಗಾವತಿ, ಮೂರನೆಯದು ಕುಷ್ಟಗಿ, ಕೊನೆಗೆ ಯಲಬುರ್ಗಾ. ಯಾವ ತಂಡ ಆರಿಸುತ್ತದೋ ಆ ಕಡೆಯೇ ಹುಡುಗಿ ಮೂರು ತಿಂಗಳು ಇರಬೇಕು. ಕೊಪ್ಪಳದವರು ಹುಲಗೆಮ್ಮನನ್ನು ಆರಿಸಿದರೆ ಅವಳು ಮುನಿರಾಬಾದಿಗೆ, ನಿಮ್ಮ ಕ್ವಾರ್ಟರ್ಸಿಗೆ ಬರುತ್ತಾಳೆ. ಗಂಗಾವತಿಯವರು ಆರಿಸಿದರೆ ಈ ಮನೆಗೆ. ಹಾಸ್ಟೆಲಿನ ಊಟ ಉಂಡು ಸಾಕಾದ ಮಗಳು ಇನ್ನು ಯಾರ ಕೈಯ ರೊಟ್ಟಿ ತಿನ್ನುತ್ತಾಳೆ ಎಂಬುದನ್ನು ಗುರುತು ಪರಿಚಯವಿಲ್ಲದ ಮಂದಿ ಕುರ್ಚಿ ಹಾಕಿಕೊಂಡು ಕೂತು ತೀರ್ಮಾನ ಮಾಡುತ್ತಾರೆ.

ಇಲ್ಲಿಯ ಗದ್ದಲ ನೀವು ನೋಡಬೇಕಿತ್ತು. ಶಬ್ಬೀರನ ಚಹಾದಂಗಡಿಯಲ್ಲಿ ಬೇರೆ ಮಾತೇ ಇಲ್ಲ. ನಮ್ಮ ಅಭಿಮಾನಿಗಳ ವಾಟ್ಸಾಪ್ ಗ್ರೂಪಿಗೂ ಅವನೇ ಯಜಮಾನ, ತಂಡ ಆರಿಸುವವರೂ ಅದರಲ್ಲೇ ಇದ್ದಾರೆ. ಅವನಿಗೆ ಯಲಬುರ್ಗಾ ಕಾಲೇಜಿನ ವಾಣಿಶ್ರೀ ಬೇಕು. "ಏನ್ ಎತ್ತರ ಅದಾಳ್ರಿ ಆಕಿ! ನೆಟ್ ಮ್ಯಾಲಿಂದ ಬಡದ್ರ ಚೆಂಡು ಮರಳಿ ಊರ ಗದ್ಯಾಗ ಹೋಗಿ ಬೀಳತೈತಿ" ಎನ್ನುತ್ತಾನೆ. ಕಸ್ತೂರೆಮ್ಮ ಬಿಡುತ್ತಾಳೆಯೇ? "ಎತ್ತರ ತಗೊಂಡು ಏನ್ ಮಾಡ್ತಿ, ಹುಣಸಿಹಣ್ಣು ಹರಸ್ತಿ ಏನು? ಚೆಂಡು ಎತ್ತಿಕೊಡಾಕ ನಮ್ಮ ಹುಲಗೆಮ್ಮನಂಥಾಕಿ ಬೇಕು" ಎಂದು ಜಗಳಕ್ಕೆ ನಿಲ್ಲುತ್ತಾಳೆ. ಇಬ್ಬರೂ ಜನ್ಮದಲ್ಲಿ ಚೆಂಡು ಮುಟ್ಟಿದವರಲ್ಲ. ನಾನು ಅಂಗನವಾಡಿಯಿಂದ ಬರುವಾಗ ಅಲ್ಲಿ ನಿಂತು ಕೇಳುತ್ತೇನೆ, ಮಗಳ ಹೆಸರು ಬಂದರೆ ಎದೆ ಉಬ್ಬುತ್ತದೆ.

ಈಗ ನಾಚಿಕೆಯ ಮಾತು. ನಿಮ್ಮ ಕೊಪ್ಪಳದ ಗ್ರೂಪಿನಲ್ಲಿ "ಕೊಪ್ಪಳ ಅಭಿಮಾನಿ" ಎಂಬ ಹೆಸರಿನಲ್ಲಿ ಒಬ್ಬರು ಬರೆದರಲ್ಲ, ಹುಲಗೆಮ್ಮನ ಎಡಗಾಲಿನ ಮೊಣಕಾಲು ಗಟ್ಟಿ ಇಲ್ಲ, ಜಿಗಿದು ಇಳಿಯುವಾಗ ತ್ರಾಸ ಪಡುತ್ತಾಳೆ, ಅವಳನ್ನು ತೆಗೆದುಕೊಳ್ಳಬೇಡಿ ಎಂದು? ಅದು ನಾನು. ಹಳೇ ಸಿಮ್ ಒಂದಿತ್ತು. ಮೊದಲ ಪಾಳಿ ನಿಮ್ಮದು, ನೀವು ಬಿಟ್ಟರೆ ತಾನೇ ನಮಗೆ ಸಿಗುವುದು? ನನಗೆ ಮಗಳು ಬೇಕಾಗಿದ್ದಳು. ಅದನ್ನು ಸುತ್ತಿ ಬಳಸಿ ಹೇಳಲಾರೆ.

ಹುಡುಗಿ ಸಣ್ಣವಳಿದ್ದಾಗ ಮರಳಿ ಊರಿಗೆ, ಅಜ್ಜಿಯ ಮನೆಗೆ ಹೋಗಿ ಕಾಲುವೆ ಮೆಟ್ಟಿಲಲ್ಲಿ ಜಾರಿ ಬಿದ್ದು ಎಡ ಮೊಣಕಾಲಿಗೆ ಪೆಟ್ಟಾದದ್ದು ನಿಮಗೆ ನೆನಪಿರಬೇಕು. ನೀವು ಹೆಗಲ ಮೇಲೆ ಹೊತ್ತುಕೊಂಡು ಬಂದಿರಿ, ನಾನು ಹಿಂದೆ ಅವಳ ಚಪ್ಪಲಿ ಹಿಡಿದು ಅಳುತ್ತ ಬಂದೆ. ಅದು ಆಗಲೇ ವಾಸಿಯಾಯಿತು. ಈಗ ಅವಳ ಮೊಣಕಾಲು ಕಲ್ಲಿನಂತಿದೆ. ನೀವು ತಕ್ಷಣ ಸುಳ್ಳು ಎಂದು ಬರೆಯುತ್ತೀರಿ ಎಂದುಕೊಂಡಿದ್ದೆ. ಒಂದು ತಿಂಗಳಿಂದ ಅಲ್ಲಿ ಮಗಳನ್ನು ಹೊಗಳಿ ಹೊಗಳಿ ಬರೆಯುತ್ತಿದ್ದವರು ನೀವೇ ಅಲ್ಲವೇ? ಆದರೆ ನಿಮ್ಮ ಹೆಸರಿನಲ್ಲೇ ಬಂತು: "ಖರೇ ಐತ್ರಿ. ನಾ ಆಕಿ ಅಪ್ಪ, ನನಗ ಗೊತ್ತೈತಿ."

ಅಷ್ಟೇ ಆಗಿದ್ದರೆ ನಾನು ಗೆದ್ದೆ ಎಂದು ಸುಮ್ಮನಿರುತ್ತಿದ್ದೆ. ಯಾರೋ ಪುಣ್ಯಾತ್ಮರು ಎರಡನ್ನೂ ಸೇರಿಸಿ ನಮ್ಮ ಗ್ರೂಪಿಗೆ ಕಳಿಸಿದರು. ನಾನು ಹಾಲು ತರಲು ಹೋದಾಗ ಶಬ್ಬೀರ ಅಂಗಡಿಯ ಮಂದಿಯ ಎದುರಿಗೇ ಕೇಳಿದ: "ಅಕ್ಕಾರ, ಮೊಣಕಾಲಿಂದು ಖರೇನ್ರಿ? ಕಾಶಿನಾಥಣ್ಣಾರ ಸುಳ್ಳ ಹೇಳೂ ಮನಿಶ್ಯಾರಲ್ಲ ಬಿಡ್ರಿ." ಸುಳ್ಳು ಎಂದು ಒಂದು ಮಾತು ಹೇಳಿದ್ದರೆ ಮಗಳು ಮನೆಗೆ ಬರುತ್ತಿದ್ದಳು. ಆದರೆ ನಾಲ್ಕು ಮಂದಿಯ ಮುಂದೆ ನಿಮ್ಮನ್ನು ಸುಳ್ಳುಗಾರ ಮಾಡಲು ಬಾಯಿ ಬರಲಿಲ್ಲ. ಹಾಲು ತೆಗೆದುಕೊಂಡು ಬಂದುಬಿಟ್ಟೆ. ಬೇರೆ ಬೇರೆ ಇರಲು ಹತ್ತಿ ಮೂರು ವರ್ಷವಾಯಿತು, ಈಗ ಯಾಕೆ ನಿಮ್ಮ ಮರ್ಯಾದೆ ನನಗೆ ಅಡ್ಡ ಬಂತೋ, ನನಗೇ ತಿಳಿಯುತ್ತಿಲ್ಲ.

ಮುನಿರಾಬಾದಿಗೆ ಬಾ ಎಂದು ನೀವು ಒಮ್ಮೆ ಕೇಳಿದಿರಿ. ಅಂಗನವಾಡಿ ಬಿಡಲಾರೆ, ನೀವೇ ಇಲ್ಲಿಂದ ಓಡಾಡಿ ಎಂದು ನಾನು ಒಮ್ಮೆ ಹೇಳಿದೆ. ಇಬ್ಬರೂ ಎರಡನೇ ಸಲ ಕೇಳಲಿಲ್ಲ. ನಮ್ಮ ಜಗಳ ಎಂದರೆ ಅಷ್ಟೇ, ಊರ ಮಂದಿ ಏನೇನೋ ಕಟ್ಟಿಕೊಂಡಿದ್ದಾರೆ. ಹಾಗಾಗಿ ಈಗ ನಾನೇ ಕೇಳುತ್ತಿದ್ದೇನೆ: ನೀವು ಹೌದು ಎಂದದ್ದು ಯಾಕೆ? ಮಗಳು ನಿಮಗೆ ಭಾರವಾದಳೇ? ಆ ಕಾಲು ಇನ್ನೂ ನೋಯುತ್ತದೆಂದು ನಿಜವಾಗಿ ತಿಳಿದಿದ್ದೀರಾ? ಅಥವಾ ಬರೆದವಳು ನಾನೇ ಎಂದು ಗೊತ್ತಾಗಿ ನನ್ನ ಮೇಲೆ ಹಟ ಸಾಧಿಸಿದಿರಾ? ಒಂದು ಯೋಚಿಸಿದರೆ ಸಿಟ್ಟು ಬರುತ್ತದೆ, ಇನ್ನೊಂದು ಯೋಚಿಸಿದರೆ ಅಳು ಬರುತ್ತದೆ. ಯಾವುದು ಖರೆ ಎಂದು ಬರೆಯಿರಿ.

ರೇಷನ್ ಕಾರ್ಡಿನಲ್ಲಿ ಇನ್ನೂ ನಿಮ್ಮ ಹೆಂಡತಿ,
ಸುಮಂಗಲಾ

ತಾ.ಕ.: ಶನಿವಾರ ಸಂಜೆ. ಕಾಗದ ಡಬ್ಬಿಗೆ ಹಾಕಿರಲಿಲ್ಲ, ಒಳ್ಳೆಯದೇ ಆಯಿತು. ಕೊಪ್ಪಳದವರು ವಾಣಿಶ್ರೀಯನ್ನು ಆರಿಸಿದರು. ಮೊಣಕಾಲಿಗೆ ಹೆದರಿ ನಮ್ಮವರು ಗೀತಾ ಎಂಬ ಇನ್ನೊಬ್ಬಳನ್ನು ಆರಿಸಿದರು. ನಮ್ಮ ಮಗಳು ಕುಷ್ಟಗಿಯ ಪಾಲಾದಳು. ನಿಮಗೂ ಇಲ್ಲ, ನನಗೂ ಇಲ್ಲ. ಈಗಷ್ಟೇ ಅವಳ ಫೋನು ಬಂದಿತ್ತು. "ಆ ಮೊಣಕಾಲಿನ ಸುದ್ದಿ ನಿಮ್ಮಿಬ್ಬರನ್ನ ಬಿಟ್ರ ಯಾರಿಗೆ ಗೊತ್ತೈತಿ, ಅವ್ವಾ? ಬರದಾಕಿ ನೀನ ಅಂತ ಅಪ್ಪ ಓದಿದ ಕೂಡ್ಲೇ ಹಿಡದಾನ. ಅವ್ವಗ ಮಗಳು ಬೇಕಾಗ್ಯಾಳ, ಹೋಗ್ಲಿ ಅಂತ ಹೌದಂದಾನ" ಎಂದಳು. ಮತ್ತೆ ಮುಂದುವರಿಸಿದಳು: "ಇಬ್ಬರೂ ಊರ ಮಂದಿ ಕೂಡ ಇಷ್ಟು ವಾದ ಮಾಡಿದ್ರಿ, ನನ್ನ ಒಂದು ಮಾತು ಕೇಳಿದ್ರೇನು? ಕುಷ್ಟಗಿನ ಛಲೋ ಆತು ಬಿಡು. ನನ್ನ ನೋಡಬೇಕಂದ್ರ ಇಬ್ಬರೂ ಬಸ್ ಹತ್ತಬೇಕು."

ಮೊದಲ ಆಟ ಅಲ್ಲೇ, ಬರುವ ತಿಂಗಳ ಮೊದಲ ಭಾನುವಾರ. ಎದುರಿಗೆ ನಮ್ಮ ಗಂಗಾವತಿ. ಶಬ್ಬೀರ ಟೆಂಪೋ ಮಾಡುತ್ತಿದ್ದಾನೆ, ನನಗೂ ಬಾ ಎಂದಿದ್ದಾನೆ. ಯಾವ ಕಡೆ ಕೂತು ಚಪ್ಪಾಳೆ ಹೊಡೆಯಬೇಕೋ ನನಗೆ ತಿಳಿಯುತ್ತಿಲ್ಲ. ನೀವು ಹೇಗೂ ಬೇಗ ಹೋಗುವವರು. ಎಲ್ಲಿ ಕೂಡುತ್ತೀರೋ ಅಲ್ಲೇ ಪಕ್ಕದಲ್ಲಿ ಟವೆಲ್ ಹಾಕಿ ನನಗೊಂದು ಜಾಗ ಹಿಡಿದಿಡಿ.